ಹಳೆಯ ಪಿಕಪ್ಪಿಗೊಂದು ಬೇರಿಂಗು

ಅಮೆರಿಕೆಯಲ್ಲಿ 1947ರಿಂದ 1955ರವರೆಗೆ ತಯಾರಾದ ಷೆವರ್ಲೆ 3100 ಎಂಬ ಪಿಕಪ್ ಟ್ರಕ್ಕನ್ನು ಜೀರ್ಣೋದ್ಧಾರಕ್ಕೆಂದು ಕೈಗೆತ್ತಿಕೊಂಡವನಿಗೆ, ಬಂಪರು, ಗ್ರಿಲ್ಲು, ಗಾಜಿನ ಸುತ್ತಣ ರಬ್ಬರು ಮೊದಲಾದ ಬಹಿರಂಗದ ಅವಯವಗಳೆಲ್ಲ ಇಂದಿಗೂ ಹೊಸದಾಗಿ ತಯಾರಾಗಿ ದೊರೆಯುತ್ತವಾದರೂ, ದೊರೆತದ್ದೆಲ್ಲ ಸರಿಯಾಗಿ ಹೊಂದುವುದೆಂದು ನಂಬುವುದು ಸಾಧುವಲ್ಲ. ತಗಡು ತೆಳುವಾಗಿದ್ದೀತು, ರಂಧ್ರಗಳ ಸ್ಥಾನ ಎಳ್ಳಷ್ಟು ಪಲ್ಲಟವಾಗಿದ್ದೀತು. ಆದುದರಿಂದ ಮೂಲದ ಫೆಂಡರಿಗೆ ತುಸು ತುಕ್ಕು ಹಿಡಿದಿದ್ದರೂ ಅದನ್ನು ಎಸೆಯದೆ, ಕೆಟ್ಟ ಭಾಗವನ್ನಷ್ಟೆ ಕತ್ತರಿಸಿ ಹೊಸ ತಗಡನ್ನು ಬೆಸೆಯುವುದೇ ಮೇಲೆಂದು ನನ್ನ ಮತ.

ಆದರೆ ನಿಜವಾದ ಪರೀಕ್ಷೆ ಎಂಜಿನ್ನಿನ ಅಂತರಂಗದಲ್ಲಿದೆ. 1953ರವರೆಗಿನ ಅರ್ಧ ಟನ್ನಿನ ಗಾಡಿಗಳಲ್ಲಿದ್ದ 216 ಘನ ಅಂಗುಲದ, ಆರು ಸಿಲಿಂಡರಿನ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡಿನ ಬೇರಿಂಗನ್ನು ಬೇರೆಯಾಗಿ ಕೊಂಡು ಕೂರಿಸಲಾಗದು. ಬ್ಯಾಬಿಟ್ ಎಂಬ ಮೃದುವಾದ ಮಿಶ್ರಲೋಹವನ್ನು ಕರಗಿಸಿ, ರಾಡಿನ ಒಡಲಿಗೇ ಎರೆದು, ತಣಿದ ಬಳಿಕ ಕೂದಲೆಳೆಯ ಲೆಕ್ಕದಲ್ಲಿ ಕೊರೆದು, ತೆಳುವಾದ ಷಿಮ್ಮುಗಳಿಂದ ಸಂದನ್ನು ಹೊಂದಿಸಬೇಕು. ಈ ವಿದ್ಯೆಯನ್ನು ಬಲ್ಲ ಕುಶಲಕರ್ಮಿಗಳು ಇಂದು ವಿರಳರಾಗಿರುವರು. ಅವರನ್ನು ಅರಸಿ ಬೇಸತ್ತ ಅನೇಕರು 235 ಘನ ಅಂಗುಲದ ತರುವಾಯದ ಎಂಜಿನ್ನನ್ನು ಕೂರಿಸಿಬಿಡುತ್ತಾರೆ. 1954ರಿಂದಾಚೆಗೆ ಅದರಲ್ಲಿ ಒತ್ತಡದಿಂದ ಎಣ್ಣೆ ಹರಿಸುವ ವ್ಯವಸ್ಥೆಯಿರುವುದರಿಂದ ಅದು ದೂಷ್ಯವೇನೂ ಅಲ್ಲ. ಆದರೂ, ತೊಟ್ಟಿಯ ಎಣ್ಣೆಯನ್ನು ರಾಡಿನ ತುದಿಯ ಸೌಟಿನಂಥ ನಾಲಗೆಯೇ ಮೊಗೆದುಕೊಳ್ಳುತ್ತ ನಡೆಯುವ ಆ ಹಳೆಯ ಯಂತ್ರದ ಮಂದ್ರಧ್ವನಿಯನ್ನು ಒಮ್ಮೆ ಕೇಳಿದ ಮೇಲೆ, ಬ್ಯಾಬಿಟ್ ಎರೆಯಬಲ್ಲ ಒಬ್ಬ ವೃದ್ಧ ಮೇಸ್ತ್ರಿಯ ಸರದಿಗಾಗಿ ಆರು ತಿಂಗಳು ಕಾಯುವುದು ನನಗೆ ಭಾರವೆನಿಸದು.