ಹವಳದ ತೊಟ್ಟಿಯೂ ಹನಿಯ ಲೆಕ್ಕವೂ

ಚಿಕ್ಕಜಾಲದ ನಮ್ಮ ಮನೆಯಲ್ಲಿ ಕೊಳವೆ ಬಾವಿಯ ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುತ್ತದೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟುಗಳು ಬಿಸಿ ತಾಗಿದೊಡನೆ ಒಂದುಗೂಡಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳಕ್ಕಿಳಿಯುವುದೇ ಇದಕ್ಕೆ ಕಾರಣ. ಗೃಹಿಣಿಯರಿಗೆ ಉಪದ್ರವವಾದ ಈ ವಸ್ತುವೇ ಸಮುದ್ರದ ಹವಳದ ಜೀವಿಗೆ ಮನೆಯಾಗಿದೆ. ಅದು ಬೆಂಕಿಯ ನೆರವಿಲ್ಲದೆ, ತನ್ನ ದೇಹಶಕ್ತಿಯಿಂದಲೇ ಈ ಕಲ್ಲನ್ನು ಕಟ್ಟಿಕೊಳ್ಳುತ್ತದೆ. ಮೂವತ್ತೊಂದು ವರ್ಷ ರಸಾಯನಶಾಸ್ತ್ರವನ್ನು ಬೋಧಿಸಿದ ನನಗೆ ಈ ಸಾಮ್ಯವು ಪುಸ್ತಕದಿಂದ ತಿಳಿದಿತ್ತು. ಅದನ್ನು ಕಣ್ಣಾರೆ ಕಾಣುವ ಯೋಗ ಒದಗಿದ್ದು ನಿವೃತ್ತಿಯ ನಂತರ, ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ನಗರದಲ್ಲಿರುವ ನನ್ನ ಮಗನ ಮನೆಯಲ್ಲಿ.

ಆ ಮನೆಯ ನಡುಮನೆಯಲ್ಲಿ ನಾನೂರು ಲೀಟರು ಉಪ್ಪುನೀರಿನ ಒಂದು ಗಾಜಿನ ತೊಟ್ಟಿಯಿದೆ. ಅದರೊಳಗಿನ ಹವಳಗಳು ಸಾಕಣೆಯ ತೊಟ್ಟಿಗಳಲ್ಲೇ ತುಂಡುಗಳಿಂದ ಬೆಳೆಸಿದವು. ನಮ್ಮ ದೇಶದಲ್ಲಿ ಕಲ್ಲುಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ 2001ರಿಂದ ದೊರೆತಿರುವುದರಿಂದ ಅವುಗಳನ್ನು ಸಮುದ್ರದಿಂದ ಕಿತ್ತು ತರುವುದು ಅಪರಾಧವೆನಿಸುತ್ತದೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹವಳಗಳನ್ನು ಅಲ್ಲಿಯೇ ನೋಡಿ ಬರತಕ್ಕದ್ದು.

ಸಮುದ್ರವು ಅಪಾರವಾದುದರಿಂದ ಹವಳವು ಎಷ್ಟು ಕ್ಯಾಲ್ಸಿಯಂ ತೆಗೆದುಕೊಂಡರೂ ಅಲ್ಲಿ ಕೊರತೆ ಕಾಣುವುದಿಲ್ಲ. ತೊಟ್ಟಿಯ ಸ್ಥಿತಿ ಹಾಗಲ್ಲ. ಮಗನ ತೊಟ್ಟಿಯಲ್ಲಿ ಕ್ಷಾರತೆಯು ಎಂಟು ಡಿಗ್ರಿಯಿಂದ ಒಂದೇ ದಿನದಲ್ಲಿ ಏಳಕ್ಕೆ ಇಳಿಯುತ್ತಿತ್ತು. ಅದೇ ಅವಧಿಯಲ್ಲಿ ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಮಿನಿಂದ 413ಕ್ಕೆ ಮಾತ್ರ ಇಳಿಯುತ್ತಿತ್ತು. ಎರಡೂ ಒಂದೇ ಕಲ್ಲಿಗೆ ವ್ಯಯವಾದರೂ ಒಂದರ ಬೊಕ್ಕಸ ಚಿಕ್ಕದು, ಇನ್ನೊಂದರದು ದೊಡ್ಡದು. ಆದುದರಿಂದಲೇ ಬಲ್ಲವರು ಮೊದಲು ಕ್ಷಾರತೆಯನ್ನು ಅಳೆಯುತ್ತಾರೆ. ಅಳೆಯುವ ಕ್ರಮವು ನಾನು ಪ್ರಯೋಗಶಾಲೆಯಲ್ಲಿ ಬ್ಯುರೆಟ್ ಹಿಡಿದು ಕಲಿಸಿದ್ದೇ ಆಗಿದೆ: ನೀರಿಗೆ ಸೂಚಕವನ್ನು ಬೆರೆಸಿ, ಬಣ್ಣ ತಿರುಗುವವರೆಗೆ ಆಮ್ಲದ ಹನಿಗಳನ್ನು ಎಣಿಸುವುದು.

ಕೊರತೆಯನ್ನು ತುಂಬಲು ದಿನಕ್ಕೆ ಸುಮಾರು ಏಳೂವರೆ ಗ್ರಾಂ ಸೋಡಿಯಂ ಕಾರ್ಬೊನೇಟ್, ಹತ್ತೂವರೆ ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಬೇಕು. ಇವೆರಡರ ದ್ರಾವಣಗಳನ್ನು ಒಂದೇ ಸೀಸೆಯಲ್ಲಿ ಬೆರೆಸಿದರೆ ಅಲ್ಲಿಯೇ ಬಿಳಿಯ ಗಷ್ಟು ಕೂರುತ್ತದೆ. ಹವಳಕ್ಕೆ ಏನೂ ದಕ್ಕುವುದಿಲ್ಲ. ಮಗನು ಪ್ರತಿದಿನ ಬೆಳಗ್ಗೆ ಒಂದನ್ನು, ಸಂಜೆ ಇನ್ನೊಂದನ್ನು ಅಳೆದು ಹಾಕುತ್ತಿದ್ದನು. ಈ ನಿತ್ಯನೇಮವೇ ಅವನಿಗೆ ಬಂಧನವಾಯಿತು. ಮೂರು ವರ್ಷ ಅವನು ಊರಿಗೆ ಬಂದಿರಲಿಲ್ಲ. ಅವನ ತಾಯಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ನಿಶ್ಚಯವಾದಾಗ, "ಅಪ್ಪಾ, ನಾನಿಲ್ಲದಿದ್ದರೂ ಇವು ಬದುಕುವ ಹಾಗೆ ಏರ್ಪಾಡು ಮಾಡಿಯೇ ಬರುತ್ತೇನೆ" ಎಂದು ದೂರವಾಣಿಯಲ್ಲಿ ಹೇಳಿದನು.

ಅವನು ತಂದ ಯಂತ್ರವು ಬಹು ಸರಳವಾದುದು. ಮೆದುವಾದ ನಳಿಕೆಯನ್ನು ಉರುಳೆಗಳು ಒತ್ತುತ್ತಾ ಸಾಗಿದಂತೆ ದ್ರವವು ಮುಂದಕ್ಕೆ ಚಲಿಸುತ್ತದೆ. ಡಯಾಲಿಸಿಸ್ ಮಾಡುವಾಗ ರೋಗಿಯ ರಕ್ತವನ್ನು ಸಾಗಿಸುವುದೂ ಇಂಥದೇ ಪಂಪು. ದಿನದ ಪ್ರಮಾಣವನ್ನು ಇಪ್ಪತ್ತನಾಲ್ಕು ಪಾಲು ಮಾಡಿ, ಗಂಟೆಗೊಂದು ಪಾಲಿನಂತೆ, ಎರಡು ದ್ರಾವಣಗಳನ್ನು ಬೇರೆಬೇರೆ ನಿಮಿಷಗಳಲ್ಲಿ ಅದು ಹನಿಸುತ್ತದೆ. ಮನುಷ್ಯನ ಕೈಯಿಂದ ಆಗುತ್ತಿದ್ದ ಏರಿಳಿತ ಇದರಿಂದ ತಪ್ಪಿತು. ಹವಳಕ್ಕೆ ಸಮೃದ್ಧಿಗಿಂತ ಸ್ಥಿರತೆಯೇ ಹಿತ. ಏಳೂವರೆಯಾಗಲಿ ಎಂಟೂವರೆಯಾಗಲಿ ಅದು ಸಹಿಸುತ್ತದೆ, ಇಂದೊಂದು ನಾಳೆಯೊಂದು ಎಂಬುದನ್ನು ಸಹಿಸದು.

ಆದರೆ ಯಂತ್ರವು ಕೆಟ್ಟು ನಿಲ್ಲದೆ ಸುರಿಯತೊಡಗಿದರೆ? ಅದಕ್ಕಾಗಿ ಸೀಸೆಗಳಲ್ಲಿ ನಾಲ್ಕು ದಿನಗಳಿಗೆ ಸಾಲುವಷ್ಟೇ ದ್ರಾವಣವನ್ನಿಟ್ಟು, ಪಕ್ಕದ ಮನೆಯ ಹುಡುಗನಿಗೆ ವಾರಕ್ಕೆರಡು ಬಾರಿ ಬಂದು ತುಂಬುವ ಹಾಗೂ ಹನಿ ಎಣಿಸಿ ಅಳೆಯುವ ಕೆಲಸವನ್ನು ಒಪ್ಪಿಸಿದ್ದನು. ಮಗನು ಹದಿನೆಂಟು ದಿನ ಚಿಕ್ಕಜಾಲದಲ್ಲಿದ್ದನು. ಶಸ್ತ್ರಚಿಕಿತ್ಸೆಯಾದ ಮೇಲೆ ಅವನ ತಾಯಿ ಮೊದಲ ನಾಲ್ಕು ಹೆಜ್ಜೆಗಳನ್ನು ಅವನ ಭುಜ ಹಿಡಿದೇ ನಡೆದಳು. ಹತ್ತನೆಯ ದಿನ ಆ ಹುಡುಗನಿಂದ ಸುದ್ದಿ ಬಂತು: ಕ್ಷಾರತೆ ಏಳಕ್ಕಿಂತ ಕೆಳಗಿಳಿದಿದೆ, ಸೀಸೆಯಲ್ಲಿ ದ್ರಾವಣ ಹೆಚ್ಚಾಗಿ ಉಳಿದಿದೆ. ಪಂಪು ತಿರುಗುತ್ತಲೇ ಇತ್ತು. ನಳಿಕೆ ಸವೆದು ಸತ್ತ್ವಗುಂದಿದ್ದರಿಂದ ಹನಿ ಕಡಿಮೆ ಬೀಳುತ್ತಿತ್ತು. ಹುಡುಗನು ಬದಲಿ ನಳಿಕೆಯನ್ನು ಹಾಕಿ, ಅಳತೆಯ ಗಾಜಿನಲ್ಲಿ ಪಂಪಿನ ಪ್ರಮಾಣವನ್ನು ಸರಿಪಡಿಸಿದನು. ಕ್ಷಾರತೆಯನ್ನು ಒಮ್ಮೆಗೇ ಏರಿಸದೆ ಮೂರು ದಿನಗಳಲ್ಲಿ ಮೆಲ್ಲನೆ ಮೊದಲಿನ ಮಟ್ಟಕ್ಕೆ ತಂದರು. ಹವಳಗಳು ಉಳಿದವು.

ತೊಟ್ಟಿಗಾದರೆ ಈ ಉಪಾಯವುಂಟು, ಸಮುದ್ರಕ್ಕೆ ಇಲ್ಲ. ನಾವು ಸುಡುವ ಕಲ್ಲಿದ್ದಲು, ಎಣ್ಣೆಗಳಿಂದ ಹೊರಟ ಇಂಗಾಲದ ಡೈಆಕ್ಸೈಡಿನ ಒಂದು ಭಾಗವನ್ನು ಕಡಲು ಹೀರಿಕೊಳ್ಳುವುದರಿಂದ, ಕೈಗಾರಿಕಾ ಕ್ರಾಂತಿಯ ಪೂರ್ವದಲ್ಲಿ ಸುಮಾರು 8.2 ಇದ್ದ ಮೇಲ್ಮೈ ನೀರಿನ ಪಿಎಚ್ ಈಗ ಸುಮಾರು 8.1ಕ್ಕೆ ಇಳಿದಿದೆ. ಸಂಖ್ಯೆ ಅಲ್ಪವೆನಿಸಿದರೂ, ಅದರಿಂದ ಹವಳದ ಜೀವಿಗೆ ಕಲ್ಲು ಕಟ್ಟುವುದು ಕಷ್ಟವಾಗುತ್ತಿದೆ.

ಇಂದು ಶಾಲೆಗಳಿಗೂ ಬಗೆಬಗೆಯ ಯಂತ್ರಗಳು ಬರುತ್ತಿವೆ. ಪಾಠವನ್ನು ತೋರಿಸುವ, ಅಂಕಗಳನ್ನು ಕೂಡುವ ಕೆಲಸಗಳನ್ನು ಅವುಗಳಿಗೆ ಒಪ್ಪಿಸುವುದರಲ್ಲಿ ಬಾಧೆಯೇನೂ ಇಲ್ಲ; ಅದರಿಂದ ಉಪಾಧ್ಯಾಯರಿಗೆ ಸಮಯ ದೊರೆಯುವುದಾದರೆ ಸ್ವಾಗತಾರ್ಹವೇ. ಆದರೆ ಕಲಿಸಿದ್ದು ಮಗುವಿಗೆ ತಲುಪಿತೇ ಎಂದು ಮುಖ ನೋಡಿ ತಿಳಿಯುವ ಕೆಲಸವನ್ನು ನಾವೇ ಇಟ್ಟುಕೊಳ್ಳಬೇಕು. ಪಂಪು ತಿರುಗುತ್ತಿದೆ ಎಂದ ಮಾತ್ರಕ್ಕೆ ಹನಿ ಬೀಳುತ್ತಿದೆಯೆಂದು ಭಾವಿಸಲಾಗದು.