ಗೋಳಗುಮ್ಮಟದ ಪಿಸುಮಾತು

ವಿಜಾಪುರವನ್ನು ನೋಡಬೇಕೆಂಬ ಅಪೇಕ್ಷೆ ನಮಗೆ ಬಹುಕಾಲದಿಂದ ಇದ್ದಿತು. ಆ ಊರಿಗೆ 2014ರಲ್ಲಿ ವಿಜಯಪುರವೆಂದು ಹೆಸರಾಯಿತು. ನಮ್ಮ ಅಪೇಕ್ಷೆ ಕೈಗೂಡಿದ್ದು ಅದಕ್ಕೂ ಎಷ್ಟೋ ವರ್ಷಗಳ ತರುವಾಯ. ಸಂಗಡ ನಮ್ಮ ಅಕ್ಕನವರೂ ಅವರ ಮಗನೂ ಬಂದಿದ್ದರು. ಅಕ್ಕನವರು ಮೊದಲು ಬರಲೊಪ್ಪಲಿಲ್ಲ. "ಅಲ್ಲಿ ಹೇಳುವುದೇನೂ ನನಗೆ ಕೇಳಿಸುವುದಿಲ್ಲ, ನೀವಿಬ್ಬರೇ ಹೋಗಿಬನ್ನಿ" ಎಂದರು. ಕೆಲವು ತಿಂಗಳುಗಳಿಂದ ಅವರು ಹರಿಕಥೆಗೂ ಹೋಗುವುದನ್ನು ಬಿಟ್ಟಿದ್ದರು. ಕಿವಿ ತುಸು ಮಂದವಾಗಿದ್ದುದು ನಿಜ. ಅಷ್ಟಕ್ಕೆ ಮನೆಯ ಮೂಲೆ ಹಿಡಿಯುವುದೇಕೆಂದು ನಮಗೆ ತಿಳಿಯದು. ಬಲವಂತಮಾಡಿ ಹೊರಡಿಸಿದೆವು.

ನಮ್ಮ ಸೋದರಳಿಯನ ಉದ್ಯೋಗವೇನೆಂಬುದನ್ನು ಮೊದಲೇ ಹೇಳದಿದ್ದರೆ ಮುಂದಿನ ಸಂಗತಿ ವಾಚಕರಿಗೆ ಅರ್ಥವಾಗಲಾರದು. ವಸ್ತುಸಂಗ್ರಹಾಲಯಗಳಲ್ಲಿ ಇಟ್ಟಿರುವ ಚಿತ್ರಗಳಿಗೂ ವಿಗ್ರಹಗಳಿಗೂ ಮಾತು ಕೊಡುವುದು ಅವನ ಕೆಲಸ. ಗುಂಡಿಯನ್ನು ಒತ್ತಬೇಕಾಗಿಲ್ಲ, ಕಿವಿಗೆ ಏನನ್ನೂ ತಗುಲಿಸಿಕೊಳ್ಳಬೇಕಾಗಿಲ್ಲ. ಚಿತ್ರದ ಮುಂದೆ ನಿಂತವರಿಗೆ ಅದರ ವೃತ್ತಾಂತ ಕೇಳಿಸುವುದು, ಎರಡು ಮಾರು ಆಚೆ ನಿಂತವರಿಗೆ ಕೇಳಿಸದು. ಇದೇನು ಇಂದ್ರಜಾಲವೆಂದು ರೈಲಿನಲ್ಲಿ ಅವನನ್ನು ಕೇಳಿದೆವು.

ಅವನು ಹೇಳಿದ್ದಿಷ್ಟು. ಮಾತಿನ ಶಬ್ದತರಂಗಗಳು ಉದ್ದವಾದವು. ಸೆಕೆಂಡಿಗೆ 1000 ಕಂಪನಗಳುಳ್ಳ ಸ್ವರದ ಅಲೆ ಗಾಳಿಯಲ್ಲಿ ಸುಮಾರು 34 ಸೆಂಟಿಮೀಟರು, ಎಂದರೆ ಮುಕ್ಕಾಲು ಮೊಳ. ಅಂಗೈಯಗಲದ ಧ್ವನಿವರ್ಧಕದಿಂದ ಹೊರಟ ಅಂಥ ಅಲೆ, ಕೊಳಕ್ಕೆ ಕಲ್ಲೆಸೆದಂತೆ, ನಾಲ್ಕು ಕಡೆಗೂ ಹರಡಿಬಿಡುವುದು. ಕಂಪನಗಳು 40,000 ಆದರೆ ಅಲೆ ಒಂದು ಸೆಂಟಿಮೀಟರಿಗೂ ಕಡಮೆಯಾಗಿ, ದೀಪದ ಕಿರಣದಂತೆ ನೆಟ್ಟಗೆ ಸಾಗುವುದು. ಆದರೆ 20,000ಕ್ಕೆ ಮೇಲ್ಪಟ್ಟ ಕಂಪನ ಮನುಷ್ಯರ ಕಿವಿಗೆ ಕೇಳಿಸದಲ್ಲ! ಯುಕ್ತಿಯಿರುವುದು ಇಲ್ಲಿಯೇ. ಕೇಳಿಸದ ಆ ಕಿರಣದ ಬೆನ್ನಿನ ಮೇಲೆ ಮಾತನ್ನು ಏರಿಸಿ ಕಳುಹಿಸುವರು. ಬಲವಾದ ಆ ತರಂಗವು ಹೋಗುತ್ತ ಹೋಗುತ್ತ ಗಾಳಿಯಲ್ಲಿ ತನ್ನ ಆಕಾರವನ್ನು ಕೊಂಚ ಕೆಡಿಸಿಕೊಳ್ಳುವುದು. ಹಾಗೆ ಕೆಡುವಾಗ ಹೊತ್ತಿದ್ದ ಮಾತು ಕಳಚಿಕೊಂಡು ಕೇಳಬರುವುದು. ಧ್ವನಿ ಹುಟ್ಟುವುದು ಯಂತ್ರದಲ್ಲಲ್ಲ, ದಾರಿಯ ಗಾಳಿಯಲ್ಲಿ. ಅಮೆರಿಕದ ಪೀಟರ್ ವೆಸ್ಟರ್‌ವೆಲ್ಟರು 1963ರಲ್ಲಿ ಇದರ ತತ್ತ್ವವನ್ನು ನಿರೂಪಿಸಿದರಂತೆ. ಜಪಾನಿನ ಯೊನೆಯಾಮರೂ ಅವರ ಸಂಗಡಿಗರೂ 1983ರಲ್ಲಿ ಇಂಥ ಧ್ವನಿವರ್ಧಕವನ್ನು ರಚಿಸಿ ತೋರಿಸಿದರು. 1990ರ ದಶಕದ ಕೊನೆಗೆ ಅಮೆರಿಕದ ಜೋಸೆಫ್ ಪಾಂಪೇ ಅದನ್ನು ಸುಧಾರಿಸಿ ಬಳಕೆಗೆ ತಂದರು. ಇನ್ನೂ ಸುಲಭವಾದ ಉಪಾಯವೂ ಉಂಟು: ಬೋರಲು ಹಾಕಿದ ಬೋಗುಣಿಯಂತಹ ಪಾರದರ್ಶಕ ಗುಮ್ಮಟವೊಂದನ್ನು ತಲೆಯ ಮೇಲೆ ತೂಗಹಾಕಿ, ಅದರೊಳಗೆ ಮೇಲ್ಮೊಗವಾಗಿ ಧ್ವನಿವರ್ಧಕವನ್ನಿಟ್ಟರೆ, ಶಬ್ದವು ಗುಮ್ಮಟಕ್ಕೆ ತಾಗಿ ಕಂಬದಂತೆ ಕೆಳಗಿಳಿಯುವುದು.

ಪ್ರೇಕ್ಷಕರ ಕಿವಿಗೆ ಉಪಕರಣ ಕೊಡುವ ಪದ್ಧತಿ ಹೊಸದಲ್ಲ. ಆಂಸ್ಟರ್‌ಡಾಮಿನ ಸ್ಟೆಡೆಲಿಕ್ ಸಂಗ್ರಹಾಲಯದಲ್ಲಿ 1952ರಲ್ಲೇ ಅದಿದ್ದಿತು. ಆದರೆ ಕಿವಿಗೆ ಅದನ್ನಿಟ್ಟುಕೊಂಡವರು ಪಕ್ಕದಲ್ಲಿರುವ ಮನೆಯವರೊಡನೆ ಮಾತನಾಡಲಾರರು. 2020ರ ಕೊರೋನಾ ಬಂದಮೇಲಂತೂ, ಹತ್ತು ಮಂದಿ ಮುಟ್ಟಿದ್ದನ್ನು ಮುಟ್ಟಲು ಜನ ಹಿಂಜರಿದರು. "ದೋಷವೂ ಇದೆ ಮಾವ. ಈ ಕಿರಣದಲ್ಲಿ ಮೃದಂಗದ ಎಡದ ನಾದ ಚೆನ್ನಾಗಿ ಬರುವುದಿಲ್ಲ. ನುಣುಪಾದ ನೆಲವಿದ್ದರೆ ಕನ್ನಡಿಯಿಂದ ಬೆಳಕು ಚಿಮ್ಮಿದಂತೆ ಶಬ್ದ ಚಿಮ್ಮುತ್ತದೆ" ಎಂದು ಹುಡುಗನೇ ಒಪ್ಪಿಕೊಂಡನು.

ಕಳೆದ ದೀಪಾವಳಿಯಲ್ಲಿ ಅವನು ತಾನು ಸಿದ್ಧಪಡಿಸಿದ ಅಂಥ ಕೊಠಡಿಯೊಂದನ್ನು ನಮಗೆ ತೋರಿಸಿದ್ದನು. ಅಕ್ಕನವರು "ಬಹಳ ಚೆನ್ನಾಗಿದೆ ಮಗು" ಎಂದಿದ್ದರು.

ವಿಜಯಪುರದಲ್ಲಿ ಇಳಿದು, ಟಾಂಗಾ ಮಾಡಿಕೊಂಡು, ಮಧ್ಯಾಹ್ನವೇ ಗೋಳಗುಮ್ಮಟಕ್ಕೆ ಹೋದೆವು. ಮಹಮ್ಮದ ಆದಿಲ್‌ಶಹನ (1627–1656) ಗೋರಿ ಇದು. 18,000 ಚದರ ಅಡಿಗೂ ಮೀರಿದ ನೆಲವನ್ನು ನಡುವೆ ಒಂದು ಕಂಬವೂ ಇಲ್ಲದೆ ಒಂದೇ ಗುಮ್ಮಟ ಮುಚ್ಚಿರುವುದು. ಒಳಗಿನ ಅಡ್ಡಗಲ 124 ಅಡಿ. ಮೂಲೆಯ ಗೋಪುರದ ಇಕ್ಕಟ್ಟಾದ ಮೆಟ್ಟಲುಗಳನ್ನು ಅಕ್ಕನವರು ಅಲ್ಲಲ್ಲಿ ಕುಳಿತು ಸುಧಾರಿಸಿಕೊಂಡು ಹತ್ತಿದರು. ಗುಮ್ಮಟದ ಬುಡದಲ್ಲಿ, ನೆಲದಿಂದ ಸುಮಾರು 109 ಅಡಿ ಎತ್ತರದಲ್ಲಿ, ಸುತ್ತಲೂ ಹೋಗುವ ಮೊಗಸಾಲೆಯೇ ಪ್ರಸಿದ್ಧವಾದ ಪಿಸುಮಾತಿನ ಗ್ಯಾಲರಿ. ಆದರೆ ಪಿಸುಮಾತೆಲ್ಲಿ? ನೂರಾರು ಮಂದಿ ಕೂಗುತ್ತಿದ್ದರು, ಸಿಳ್ಳು ಹಾಕುತ್ತಿದ್ದರು, ಒಬ್ಬೊಬ್ಬರ ಕೂಗೂ ಹತ್ತಾಗಿ ಮರಳಿ ಬರುತ್ತಿತ್ತು. ಅಕ್ಕನವರು ಎರಡು ಕಿವಿಗಳನ್ನೂ ಮುಚ್ಚಿಕೊಂಡು "ಇಳಿಯೋಣ" ಎಂದರು. ಅಷ್ಟು ಮೆಟ್ಟಲು ಹತ್ತಿಸಿ ಅವರನ್ನು ಅಳಿಸುವಂತಾಯಿತಲ್ಲಾ ಎಂದು ನಮಗೆ ನಾಚಿಕೆಯಾಯಿತು.

ಮರುದಿನ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ನಿಂತೆವು. ಮೇಲೆ ಪಾರಿವಾಳಗಳು ಬಿಟ್ಟರೆ ಯಾರೂ ಇಲ್ಲ. ಕಾವಲುಗಾರನು ಅಕ್ಕನವರನ್ನು ಒಂದು ಕಡೆ ಕೂರಿಸಿ, "ಅಕ್ಕಾರ, ಕಿವಿ ಗ್ವಾಡಿಗೆ ಹಚ್ಚಿ ಕೇಳ್ರಿ" ಎಂದನು. ಹುಡುಗನು ಸುತ್ತಿಕೊಂಡು ಎದುರು ದಡಕ್ಕೆ ಹೋಗಿ ಗೋಡೆಗೆ ಮುಖವಿಟ್ಟನು. ನಾವು ಗೋಡೆಯಿಂದ ದೂರವಾಗಿ, ಮೊಗಸಾಲೆಯ ಅಂಚಿನ ಕಡೆ ನಿಂತಿದ್ದೆವು. ಅವನ ತುಟಿ ಅಲುಗಿದ್ದು ಕಂಡಿತೇ ಹೊರತು ನಮಗೆ ಒಂದಕ್ಷರವೂ ಕೇಳಿಸಲಿಲ್ಲ.

ಇದರ ಮರ್ಮವೇನೆಂದರೆ, ಬಾಗಿದ ಗೋಡೆಯ ಪಕ್ಕದಲ್ಲಾಡಿದ ಮಾತು ಬಯಲಿಗೆ ಹರಡದೆ, ಆ ಗೋಡೆಯನ್ನೇ ಅಪ್ಪಿಕೊಂಡು ಹರಿಯುವುದು. ಹರಡದ್ದರಿಂದ ಬೇಗ ಸವೆಯದು. ರೇಲೀ ಪ್ರಭುಗಳು ಇದನ್ನು ವಿವರಿಸಿದರು. ನಮ್ಮ ಸಿ. ವಿ. ರಾಮನ್ನರು 1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ ದೇವಾಲಯದ ಗುಮ್ಮಟದಲ್ಲಿ ಸದರ್ಲೆಂಡರೊಡನೆ ಪ್ರಯೋಗಮಾಡಿ, ಗೋಡೆಯಿಂದ ಒಳಕ್ಕೆ ಸರಿದಂತೆ ಶಬ್ದವು ಸುಮ್ಮನೆ ಕ್ಷೀಣಿಸದೆ ಏರುತ್ತ ಇಳಿಯುತ್ತ ಹೋಗುವುದೆಂದು ಕಂಡರು. ನಾಲ್ಕು ಹೆಜ್ಜೆ ಈಚೆಗಿದ್ದ ನಾವು ಕಿವುಡರಾಗಿದ್ದುದರಲ್ಲಿ ಆಶ್ಚರ್ಯವಿಲ್ಲ.

ಅಕ್ಕನವರ ಮುಖ ಅರಳಿತು. ಅವರೂ ಗೋಡೆಗೆ ಬಾಯಿಟ್ಟು ಏನನ್ನೋ ಹೇಳಿದರು. ಆ ಕಡೆಯಿಂದ ಮತ್ತೆ ಮಾತು, ಮತ್ತೆ ಉತ್ತರ. ಬಹಳ ಹೊತ್ತು ನಡೆಯಿತು. ನಡುವೆ ಅವರು ಸೆರಗಿನಿಂದ ಕಣ್ಣೊರಸಿಕೊಂಡರು. ಏನು ನಡೆಯಿತೆಂಬುದು ಆಮೇಲೆ ಇಬ್ಬರೂ ಬೇರೆಬೇರೆಯಾಗಿ ಹೇಳಿದ್ದರಿಂದ ನಮಗೆ ತಿಳಿಯಿತು.

"ಕೇಳಿಸುತ್ತದೆಯೇನಮ್ಮ?"

"ಕೇಳಿಸುತ್ತದೆಯಪ್ಪ. ಅಂದು ನಿನ್ನ ಕೊಠಡಿಯಲ್ಲಿ ಏನೂ ಕೇಳಿಸಲಿಲ್ಲ. ನಿನ್ನ ಮನಸ್ಸು ನೋಯಬಾರದೆಂದು ಚೆನ್ನಾಗಿದೆ ಎಂದೆ. ಕಿವಿ ಪೂರ್ತಿ ಹೋಯಿತೆಂದುಕೊಂಡಿದ್ದೆ."

"ಆ ಹೊತ್ತಿನಲ್ಲಿ ನೀನು ಎಲ್ಲಿದ್ದೆ?"

"ಮಂಡಿ ನೋಯುತ್ತಿತ್ತು. ಬೆಂಚಿನ ಮೇಲೆ ಕುಳಿತಿದ್ದೆ."

ಕಿರಣ ಬೀಳುತ್ತಿದ್ದುದು ಚಿತ್ರದ ಮುಂದೆ ನಿಂತವರ ಮೇಲೆ. ಬೆಂಚು ಇದ್ದದ್ದು ಅದರ ಮಗ್ಗುಲಿಗೆ, ಎರಡು ಮಾರು ಆಚೆ. ಅಲ್ಲಿ ಕೂತರೆ ನಮಗೂ ಕೇಳಿಸುತ್ತಿರಲಿಲ್ಲ, ಹದಿನಾರರ ಹುಡುಗನಿಗೂ ಕೇಳಿಸುತ್ತಿರಲಿಲ್ಲ. ನಿಲ್ಲಲಾರದವರು ಕೂರಲೆಂದು ಬೆಂಚು, ಕೂತವರಿಗೆ ಮಾತಿಲ್ಲ! ಇಷ್ಟು ಸಣ್ಣ ಸಂಗತಿಗಾಗಿ ಅಕ್ಕನವರು ಹರಿಕಥೆ ಬಿಟ್ಟು ಆರೇಳು ತಿಂಗಳು ಮನೆಯಲ್ಲಿ ಕುಳಿತಿದ್ದರು. ಕಿವಿಯ ವೈದ್ಯರಲ್ಲಿಗೆ ಹೋಗಲೂ ಅಂಜಿದ್ದರಂತೆ. ಊರಿಗೆ ಹಿಂದಿರುಗಿದೊಡನೆ ಹೋಗುವುದಾಗಿ ಒಪ್ಪಿದರು.

ಅಷ್ಟರಲ್ಲಿ ಯಾವುದೋ ಶಾಲೆಯ ಮಕ್ಕಳು ಮೇಲೇರಿ ಬಂದರು. ಮೊದಲ ಕೂಗಿಗೇ ಗೋಡೆ ಮೂಕವಾಯಿತು. ಮಕ್ಕಳನ್ನು ಗದರಿಸಲೂ ಮನಸ್ಸಾಗಲಿಲ್ಲ. ಅಷ್ಟು ದೊಡ್ಡ ಗುಮ್ಮಟ ಕಂಡರೆ ಯಾರಿಗೆ ಕೂಗಬೇಕೆನಿಸದು?

ಕೆಳಗಿಳಿದು ಎದುರಿನ ನಗಾರಖಾನೆಗೆ ಹೋದೆವು. ಒಂದು ಕಾಲದಲ್ಲಿ ನಗಾರಿ ಬಾರಿಸುತ್ತಿದ್ದ ಆ ಕಟ್ಟಡವೇ ಈಗ ವಸ್ತುಸಂಗ್ರಹಾಲಯ. ಶಾಸನಗಳು, ವಿಗ್ರಹಗಳು, ಆಯುಧಗಳು, ರತ್ನಗಂಬಳಿಗಳು, ಚೀಣಾದ ಪಿಂಗಾಣಿ ಪಾತ್ರೆಗಳು. ಅಕ್ಕನವರು ಪಿಂಗಾಣಿಯನ್ನು ಬಹಳ ಮೆಚ್ಚಿದರು. ಹುಡುಗನ ಲಕ್ಷ್ಯ ಯಾವುದರ ಮೇಲೂ ಇರಲಿಲ್ಲ.

ಹೊರಗೆ ಬಂದು ಅಕ್ಕನವರು ಒಂದು ಕಟ್ಟೆಯ ಮೇಲೆ ಕುಳಿತರು. ಅವನು ಚೀಲದಿಂದ ಅಳತೆಯ ಪಟ್ಟಿಯನ್ನು ತೆಗೆದು, ನೆಲದಿಂದ ಅವರ ಕಿವಿಯವರೆಗೆ ಹಿಡಿದು ಗುರುತು ಹಾಕಿಕೊಳ್ಳತೊಡಗಿದನು.

"ಏಳಲೇನೋ?" ಎಂದರು ಅಕ್ಕನವರು.

"ಬೇಡಮ್ಮ, ಕೂತೇ ಇರು."