ಮಾತ್ರೆ ಡಬ್ಬಿ

ಕಥೆಗಾರನಿಗೆ ಪರಕಾಯ ಪ್ರವೇಶದ ವಿದ್ಯೆ ಗೊತ್ತಿರಬೇಕು ಎಂದು ನಮ್ಮ ವಿಮರ್ಶಕರು ಆಗಾಗ ಹೇಳುತ್ತಿರುತ್ತಾರೆ. ನಮ್ಮ ಮೊದಲ ಕಥಾಸಂಕಲನ ಬಂದಾಗ ಹಿರಿಯರೊಬ್ಬರು ವೇದಿಕೆಯ ಮೇಲೆ ನಮಗೂ ಆ ವಿದ್ಯೆ ಸಿದ್ಧಿಸಿದೆಯೆಂದು ಹೇಳಿಬಿಟ್ಟರು. ಆ ಮಾತನ್ನು ನಾವು ಬಹಳ ವರ್ಷ ಜೇಬಿನಲ್ಲಿಟ್ಟುಕೊಂಡು ತಿರುಗಿದೆವು. ವಿಧವೆಯ ಮನಸ್ಸು, ಗುಜರಿ ಆಯುವ ಹುಡುಗನ ಮನಸ್ಸು, ನಿವೃತ್ತ ಪೋಸ್ಟ್‌ಮ್ಯಾನ್‌ನ ಮನಸ್ಸು ಎಲ್ಲವೂ ನಮಗೆ ಗೊತ್ತೆಂದೇ ನಂಬಿದ್ದೆವು. ಗೊತ್ತಾಗದೇ ಹೋದದ್ದು ನಮ್ಮ ತಂಗಿಯ ಮಗನ ಮನಸ್ಸು.

ಹುಡುಗನಿಗೆ ಮಾತು ತಡವಾಗಿ ಬಂತು. ಕರೆದರೆ ತಿರುಗುತ್ತಿರಲಿಲ್ಲ. ಕುಕ್ಕರ್ ಸೀಟಿ ಹೊಡೆದರೆ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದ. ತಾವೀಜು ಕಟ್ಟಿಸಿದ್ದಾಯಿತು, ಊದಿಸಿದ್ದಾಯಿತು. ಕೊನೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದಾಗ ಆಟಿಸಂ ಎಂಬ ಹೆಸರು ಸಿಕ್ಕಿತು. ಕನ್ನಡದಲ್ಲಿ ಇದಕ್ಕೆ ಸ್ವಲೀನತೆ ಎನ್ನುತ್ತಾರೆ, ಅಂದರೆ ತನ್ನಲ್ಲೇ ಲೀನವಾಗಿರುವುದು. ಇಂಗ್ಲಿಷ್ ಶಬ್ದದ ಮೂಲದಲ್ಲೂ ಇರುವುದು 'ತಾನು' ಎಂಬರ್ಥದ ಗ್ರೀಕ್ ಪದವೇ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಬ್ಲಾಯ್ಲರ್ 1911ರಲ್ಲಿ ಅದನ್ನು ಬೇರೊಂದು ಮನೋರೋಗದ ಸಂದರ್ಭದಲ್ಲಿ ಬಳಸಿದ್ದರು. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳ ಬಗ್ಗೆ ಬರೆಯುವಾಗ ಅದನ್ನೇ ಎತ್ತಿಕೊಂಡರು. ಹೀಗೆ ಹೆಸರಿನಲ್ಲೇ ತೀರ್ಪು ಸೇರಿಕೊಂಡಿತು: ಈ ಮಗುವಿಗೆ ತಾನೇ ಎಲ್ಲ, ಉಳಿದವರು ಲೆಕ್ಕಕ್ಕಿಲ್ಲ. ಆ ಹೆಸರನ್ನು ಕೇಳಿದ ದಿನದಿಂದ ನಾವೂ ಹುಡುಗನನ್ನು ಹಾಗೆಯೇ ನೋಡತೊಡಗಿದೆವು.

2017ರಲ್ಲಿ ನಮ್ಮ ಅಮ್ಮಿ ತೀರಿಕೊಂಡರು. ಆಗ ಹುಡುಗನಿಗೆ ಒಂಬತ್ತು ವರ್ಷ. ತಂಗಿಯ ಮನೆಯಲ್ಲೇ ಅಮ್ಮಿ ಕೊನೆಯ ಆರು ವರ್ಷ ಇದ್ದದ್ದು. ಮಯ್ಯಿತ್‌ಗೆ ಸ್ನಾನ ಮಾಡಿಸುವ ಸಿದ್ಧತೆ ನಡೆದಿತ್ತು. ಒಳಗೆ ಹೆಂಗಸರ ಅಳು, ಹೊರಗೆ ಜಗುಲಿಯ ಮೇಲೆ ಬಂದವರಿಗೆಲ್ಲ ನಾವು ಸಲಾಂ ಹೇಳುತ್ತ ನಿಂತಿದ್ದೆವು. ಹುಡುಗ ಎರಡೂ ಕಿವಿಗಳಿಗೆ ಬೆರಳು ತುರುಕಿಕೊಂಡು ಬಂದ. ಅವನ ಮುಖದಲ್ಲಿ ಏನೂ ಇರಲಿಲ್ಲ. ಅಷ್ಟು ಜನರ ಎದುರು ದೊಡ್ಡ ದನಿಯಲ್ಲಿ, "ಮಾಮು, ನಾನಿಯ ರಾತ್ರಿ ಮಾತ್ರೆ ಏನು ಮಾಡುವುದು?" ಎಂದು ಕೇಳಿದ.

ನಾವು ಉತ್ತರ ಕೊಡಲಿಲ್ಲ. ಮತ್ತೆ ಕೇಳಿದ. ಮೂರನೆಯ ಸಲ ಇನ್ನೂ ಜೋರಾಗಿ ಕೇಳಿದ. ಬಂಧುಗಳಲ್ಲಿ ಒಬ್ಬ ಹಿರಿಯರು, "ಇವನಿಗೆ ಕರುಳೇ ಇಟ್ಟಿಲ್ಲ ಅಲ್ಲಾಹ್" ಎಂದರು. ನಮಗೆ ಎಲ್ಲಿಲ್ಲದ ಅವಮಾನವಾಯಿತು. ಹುಡುಗನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಕೋಣೆಯೊಳಗೆ ದೂಡಿ ಬಾಗಿಲು ಎಳೆದುಕೊಂಡೆವು. ಅವನು ಜನಾಝಾ ನೋಡಲಿಲ್ಲ.

ಇಷ್ಟಕ್ಕೇ ಬಿಟ್ಟಿದ್ದರೆ ಅದೊಂದು ಸಿಟ್ಟಿನ ಗಳಿಗೆ ಎಂದು ಹೇಳಿಕೊಳ್ಳಬಹುದಿತ್ತು. ನಾವು ಬಿಡಲಿಲ್ಲ. ಮರುವರ್ಷ ಒಂದು ವಿಶೇಷಾಂಕಕ್ಕೆ ಕಥೆ ಬರೆದೆವು. ಅದರಲ್ಲಿ ಅಜ್ಜಿ ಸತ್ತ ಮನೆಯಲ್ಲಿ ಕಲ್ಲಿನಂತೆ ಕುಳಿತಿರುವ ಒಬ್ಬ ಹುಡುಗನಿದ್ದ. ಅವನೊಳಗಿನ ಖಾಲಿಯನ್ನು ಎರಡು ಪುಟ ವರ್ಣಿಸಿದ್ದೆವು. ಚೆನ್ನಾಗಿದೆ ಎಂದು ಪತ್ರಗಳು ಬಂದವು.

ತಂಗಿಗೆ ಕನ್ನಡ ಓದು ಸ್ವಲ್ಪ ನಿಧಾನ. ಕಥೆಯನ್ನು ಅವಳು ಎರಡು ದಿನ ಓದಿದಳಂತೆ. ಮೂರನೆಯ ದಿನ ಫೋನ್ ಮಾಡಿ, "ಭಾಯ್, ಅಮ್ಮಿಗೆ ಎಷ್ಟು ಮಾತ್ರೆ ಇದ್ದವು ಹೇಳಿ ನೋಡೋಣ" ಎಂದಳು.

ನಮಗೆ ಗೊತ್ತಿರಲಿಲ್ಲ.

"ಏಳು. ಶುಗರಿನದು ಊಟಕ್ಕೆ ಮುಂಚೆ, ಬಿ.ಪಿ.ಯದು ಊಟ ಆದ ಮೇಲೆ. ಅಮ್ಮಿಗೆ ಕಣ್ಣು ಕಾಣುತ್ತಿರಲಿಲ್ಲವಲ್ಲ, ಎಲ್ಲ ಓದಿ ತೆಗೆದು ಕೊಡುತ್ತಿದ್ದವನು ಇವನು. ಒಂದು ದಿನವೂ ತಪ್ಪಿಸಿಲ್ಲ. ಅವರು ಹೋದ ಮೇಲೆಯೂ ಇಶಾ ಆದ ಕೂಡಲೇ ಬಿಸ್ಕತ್ತಿನ ಡಬ್ಬಿ ಮತ್ತು ಒಂದು ಲೋಟ ನೀರು ಮಂಚದ ಹತ್ತಿರ ಇಡುತ್ತಿದ್ದ. ಬೆಳಿಗ್ಗೆ ನೀರು ಹಾಗೇ ಇರುತ್ತಿತ್ತು. ಅದನ್ನು ನೋಡಿ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದ. ಎಂಟು ತಿಂಗಳು ಭಾಯ್." ಸ್ವಲ್ಪ ತಡೆದು, "ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ" ಎಂದಳು.

ಅದಾದ ಮೇಲೆ ನಾವು ಆಟಿಸಂ ಬಗ್ಗೆ ಓದಲು ಕುಳಿತೆವು. ಈ ಮಕ್ಕಳಿಗೆ ಪರರ ಮನಸ್ಸು ತಿಳಿಯದು ಎಂಬ ಮಾತು ಎಲ್ಲಿಂದ ಬಂತೆಂದು ತಿಳಿಯಬೇಕಿತ್ತು. ಲಂಡನ್ನಿನಲ್ಲಿ ನಡೆದ, 1985ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ಬಹಳ ಪ್ರಸಿದ್ಧ. ಸ್ಯಾಲಿ, ಆ್ಯನ್ ಎಂಬ ಎರಡು ಬೊಂಬೆಗಳು. ಸ್ಯಾಲಿ ತನ್ನ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತಾಳೆ. ಆ್ಯನ್ ಅದನ್ನು ತೆಗೆದು ಪೆಟ್ಟಿಗೆಯಲ್ಲಿಡುತ್ತಾಳೆ. ಸ್ಯಾಲಿ ಬಂದು ಎಲ್ಲಿ ಹುಡುಕುತ್ತಾಳೆ? ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಂದಿ ಪೆಟ್ಟಿಗೆಯನ್ನು ತೋರಿಸಿದರು, ಅಂದರೆ ತಮಗೆ ಗೊತ್ತಿರುವುದು ಸ್ಯಾಲಿಗೆ ಗೊತ್ತಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ. ಪರೀಕ್ಷೆ ಹೇಳಿದ್ದು ಇಷ್ಟೇ. ಉಳಿದ ನಾಲ್ವರು ಸರಿಯಾಗಿಯೇ ಹೇಳಿದ್ದರು. ಆದರೆ ಮಾತು ಬಾಯಿಂದ ಬಾಯಿಗೆ ಹೋಗುತ್ತ, ಇನ್ನೊಬ್ಬರು ಏನು ಯೋಚಿಸುತ್ತಿದ್ದಾರೆಂದು ಊಹಿಸಲು ಕಷ್ಟಪಡುವ ಮಗು ಇನ್ನೊಬ್ಬರ ನೋವಿಗೆ ಮರುಗದ ಮಗುವಾಗಿಬಿಟ್ಟಿತು. ಇವೆರಡೂ ಒಂದೇ ಅಲ್ಲ. ಇನ್ನೊಬ್ಬರ ಮನಸ್ಸನ್ನು ಚೆನ್ನಾಗಿ ಓದಬಲ್ಲ, ಆದರೆ ಒಂದಿಷ್ಟೂ ಮರುಕವಿಲ್ಲದ ಜನರನ್ನು ನಾವು ಚುನಾವಣೆ ಬಂದಾಗಲೆಲ್ಲ ನೋಡುತ್ತೇವೆ.

ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ ಸ್ವತಃ ಆಟಿಸಂ ಇರುವವರು. 2012ರಲ್ಲಿ ಅವರೊಂದು ವಾದ ಮುಂದಿಟ್ಟರು. ಲೋಕವನ್ನು ಬೇರೆ ಬೇರೆ ರೀತಿಯಲ್ಲಿ ಅನುಭವಿಸುವ ಇಬ್ಬರು ಎದುರಾದಾಗ ಅರ್ಥವಾಗದಿರುವುದು ಇಬ್ಬರಿಗೂ. ಕೊರತೆಯನ್ನು ಮಾತ್ರ ಒಬ್ಬರ ಖಾತೆಗೇ ಬರೆಯಲಾಗಿದೆ ಎಂಬುದು ಅದರ ತಿರುಳು. ಇದು ನಮಗೆ ಬೇಗ ನಾಟಿತು, ಅದಕ್ಕೆ ಕಾರಣವಿದೆ. ಏಳನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಕಲಿತು ಕನ್ನಡ ಹೈಸ್ಕೂಲಿಗೆ ಸೇರಿದ ವರ್ಷ ನಾವು ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಹುಡುಗ ಮಂದಬುದ್ಧಿ ಎಂದು ಮೇಷ್ಟರೊಬ್ಬರು ಅಬ್ಬಾಜಿಗೆ ಹೇಳಿ ಕಳಿಸಿದರು. ಆ ಮೇಷ್ಟರಿಗೆ ಉರ್ದು ಬರುತ್ತಿರಲಿಲ್ಲ ಎಂಬುದು ಯಾರ ದಡ್ಡತನವೂ ಆಗಲಿಲ್ಲ. ನಾವು ಮಾತ್ರ ಕನ್ನಡ ಕಲಿತೆವು, ಕಲಿಯಲೇಬೇಕಿತ್ತು. ಆ ಸಂಕಟ ಉಂಡವರೇ ನಮ್ಮ ಮನೆಯ ಮಗುವಿಗೆ ಆ ಮೇಷ್ಟರಾದೆವು.

ಉರ್ದುವಿನ ಹಮ್‌ದರ್ದಿ ಎಂದರೆ ಜೊತೆಗೆ ನೋಯುವುದು. ಕನ್ನಡದ ಅನುಕಂಪ ಎಂದರೆ ಇನ್ನೊಬ್ಬರ ಜೊತೆ ತಾನೂ ಕಂಪಿಸುವುದು. ಎರಡೂ ಒಳ್ಳೆಯ ಪದಗಳೇ. ಆದರೆ ಇನ್ನೊಬ್ಬರ ನೋವು ನಮ್ಮ ನೋವಿನ ಹಾಗೆಯೇ ಕಾಣಿಸಬೇಕೆಂದು ನಾವು ಹಟ ಹಿಡಿದರೆ ಆ ಪದಗಳು ಏನು ಮಾಡಿಯಾವು? ನೋವೆಂದರೆ ಕಣ್ಣೀರು ಎಂದುಕೊಂಡಿದ್ದ ನಮಗೆ ಮಾತ್ರೆಯ ಪ್ರಶ್ನೆ ಅಳುವಾಗಿ ಕೇಳಿಸಲಿಲ್ಲ.

ಕುರ್‌ಆನಿನ ಎಂಬತ್ತನೆಯ ಅಧ್ಯಾಯ 'ಅಬಸ'ವನ್ನು ನಾವು ಚಿಕ್ಕಂದಿನಲ್ಲೇ ಕಂಠಪಾಠ ಮಾಡಿದ್ದೆವು. ಕುರೈಷ್ ಪ್ರಮುಖರೊಡನೆ ಪ್ರವಾದಿ(ಸ) ಮಾತಿನಲ್ಲಿದ್ದಾಗ ಅಂಧರಾದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ನಡುವೆ ಬಂದು ಕೇಳತೊಡಗಿದರು. ಪ್ರವಾದಿಯವರ ಹುಬ್ಬು ಗಂಟಿಕ್ಕಿತು. ಅಂಧರಿಗೆ ಅದು ಕಾಣುವಂತಿರಲಿಲ್ಲ. ಆದರೂ ಅಲ್ಲಾಹನ ಕಡೆಯಿಂದ ಎಚ್ಚರಿಕೆ ಬಂತು, ಆ ಮನುಷ್ಯನ ಒಳಗೇನು ನಡೆದಿದೆಯೆಂದು ನಿಮಗೇನು ಗೊತ್ತು ಎಂಬರ್ಥದಲ್ಲಿ. ಅಸಮಯದಲ್ಲಿ ಕೇಳಿದ ಪ್ರಶ್ನೆಗೂ ಅಷ್ಟು ಬೆಲೆ ಇತ್ತು. ತಂಗಿಯ ಫೋನ್ ಬಂದ ರಾತ್ರಿ ಆ ವಚನಗಳನ್ನು ಪೂರ್ತಿ ಓದಲು ನಮ್ಮಿಂದಾಗಲಿಲ್ಲ.

ಆ ಕಥೆಯನ್ನು ನಮ್ಮ ಎರಡನೆಯ ಸಂಕಲನಕ್ಕೆ ಸೇರಿಸಲಿಲ್ಲ. ಅದನ್ನು ತಿದ್ದಿ ಬರೆಯಿರಿ ಎಂದು ಗೆಳೆಯರೊಬ್ಬರು ಹೇಳಿದರು. ಮನಸ್ಸಾಗಲಿಲ್ಲ. ಹುಡುಗನ ಹತ್ತಿರ ಕ್ಷಮೆ ಕೇಳಿದಾಗ ಅವನು, "ಬಾಗಿಲು ಹಾಕಿದ್ದು ಒಳ್ಳೆಯದಾಯಿತು ಮಾಮು, ಸದ್ದು ಕಡಿಮೆಯಾಯಿತು. ಆದರೆ ಮಾತ್ರೆಯದ್ದು ನೀವು ಹೇಳಲೇ ಇಲ್ಲ" ಎಂದ.

ಈಗ ಅವನು ನಮ್ಮಷ್ಟೇ ಎತ್ತರ. ಈದ್ ದಿನ ಅವನನ್ನು ಹಿಡಿದು ಮೂರು ಸಲ ತಬ್ಬಿಕೊಳ್ಳುವ ಪದ್ಧತಿಯನ್ನು ಬಿಟ್ಟಿದ್ದೇವೆ. ಎರಡು ಮಾರು ದೂರದಲ್ಲಿ ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡು ಈದ್ ಮುಬಾರಕ್ ಎನ್ನುತ್ತೇವೆ. ಅವನೂ ಹಾಗೆಯೇ ಮಾಡುತ್ತಾನೆ. ಕಳೆದ ಈದ್‌ನಲ್ಲಿ ನಾವು ಈದ್ಗಾದಿಂದ ಮನೆಯವರೆಗೂ ಸಿಕ್ಕಸಿಕ್ಕವರನ್ನೆಲ್ಲ ತಬ್ಬಿಕೊಂಡು ಬಂದದ್ದನ್ನು ಅವನು ಗಮನಿಸುತ್ತಿದ್ದ. ಶೀರ್‌ಖುರ್ಮಾ ಕುಡಿಯುತ್ತ ಕುಳಿತಿದ್ದಾಗ ಹತ್ತಿರ ಬಂದು, "ಮಾಮು, ತಬ್ಬಿಕೊಳ್ಳುವಾಗ ಶೇರ್ವಾನಿಯ ಗುಂಡಿ ನಿಮಗೆ ಚುಚ್ಚುವುದಿಲ್ಲವೇ?" ಎಂದು ಕೇಳಿದ.

ನಾವು ಎದೆ ಮುಟ್ಟಿ ನೋಡಿಕೊಂಡೆವು. ಹೌದು, ಚುಚ್ಚುತ್ತದೆ ಎಂದೆವು.